ಹುಣಸೆಮರದ ಮೇಲಿನ ದಾರಿ

ನಮ್ಮ ಅತ್ತಿಯ ಎರಡೂ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳ ಮೇಲೆ ಮುನಿಸಿಕೊಂಡಂತೆ ದೂರ ನಿಂತಿರುತ್ತಿದ್ದವು. ನಡುವಿನ ಸಂದಿಯಲ್ಲಿ ನನ್ನ ಕೈಯ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ಆಕೆಯ ಕಾಲಿಗೆ ಕೂಡುವ ಹೆಂಗಸರ ಚಪ್ಪಲಿ ಬೈಲಹೊಂಗಲದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮದುವೆ ಮನೆಗೆ ಬರುವಾಗ ತನ್ನ ಗಂಡ, ನಮ್ಮ ಮಾಮಾನ ಚಪ್ಪಲಿ ಮೆಟ್ಟಿಕೊಂಡು ಪಟಪಟ ಸಪ್ಪಳ ಮಾಡುತ್ತ ಬರುತ್ತಿದ್ದಳು. ಯಾರಾದರೂ ಬಾಯಿಗೆ ಸೆರಗು ಹಿಡಿದು ನಕ್ಕರೆ, “ನನ್ನ ಕಾಲು ನೆಲದ ಮ್ಯಾಲ ನಡ್ಯಾಕ ಹುಟ್ಟಿದ್ದಲ್ಲ ತಗೋರಿ” ಎನ್ನುತ್ತಿದ್ದಳು. ಅದು ಜಂಬದ ಮಾತಾಗಿರಲಿಲ್ಲ.

ಅತ್ತಿ ನಮ್ಮಪ್ಪನ ಅಕ್ಕ. ಆಕೆಯನ್ನು ಕೊಟ್ಟದ್ದು ಮನೋಳಿಗೆ. ಮಾಮಾನ ಹೊಲ ಹಳ್ಳದ ದಂಡೆಗೆ ಇತ್ತು. ಆ ಹಳ್ಳ ಸ್ವಲ್ಪ ದೂರ ಹೋಗಿ ಮಲಪ್ರಭೆಗೆ ಕೂಡುತ್ತದೆ. ಬದುವಿನಗುಂಟ ನಾಲ್ಕು ಹುಣಸೆಮರ. ಒಂದೊಂದನ್ನು ಮೂವರು ಕೈಚಾಚಿ ತಬ್ಬಬೇಕು. ಉಳಿದವರ ಹೊಲದಲ್ಲಿ ಹುಣಸೆಹಣ್ಣನ್ನು ಗಳದಿಂದ ಬಡಿದು ಕೆಡವುತ್ತಿದ್ದರು. ಅತ್ತಿ ಬಡಿಯಗೊಡುತ್ತಿರಲಿಲ್ಲ. “ಬಡದ್ರ ಟೊಂಗಿ ಮುರದು ಮುಂದಿನ ವರ್ಷದ ಹೂವೂ ಹೊಕ್ಕಾವು. ಮರಾ ಏನು ನಿಮ್ಮ ವೈರಿ ಏನು, ಹಂಗ ಬಡ್ಯಾಕ?” ಎಂದು ಕಚ್ಚೆ ಹಾಕಿ ತಾನೇ ಹತ್ತುತ್ತಿದ್ದಳು. ಹೆಗಲಿಗೆ ಜೋಳಿಗೆ, ಕೈಯಿಂದ ಒಂದೊಂದೇ ಕಾಯಿ ಬಿಡಿಸುವುದು. ಒಂದು ಮರ ಇಳಿದು ಇನ್ನೊಂದು ಹತ್ತುವುದರಲ್ಲಿ ಹೊತ್ತು ಹಾಳಾಗುತ್ತದೆಂದು ಮರದಿಂದ ಮರಕ್ಕೆ ಮೇಲೆಯೇ ದಾರಿ ಮಾಡಿಕೊಂಡಳು.

ಆ ದಾರಿಯನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಮೊದಲನೆಯ ಮರದಿಂದ ಎರಡನೆಯದಕ್ಕೆ ಬರೀ ಎರಡು ಹಗ್ಗ: ಕೆಳಗಿನದು ಕಾಲಿಗೆ, ಮೇಲಿನದು ಕೈಗೆ. ಅಲ್ಲಿಂದ ಮೂರನೆಯದಕ್ಕೆ ಅಡ್ಡ ಮಲಗಿಸಿದ ಬಿದಿರೇಣಿ. ಮುಂದಿನದಕ್ಕೆ ಹಗ್ಗದಲ್ಲಿ ತೂಗುಬಿಟ್ಟ ಹಲಗೆಗಳು, ಕಾಲಿಟ್ಟರೆ ಓಲಾಡುತ್ತಿದ್ದವು. ನಾಲ್ಕನೆಯ ಮರ ಹಳ್ಳದ ಅಂಚಿಗಿತ್ತು. ಅಲ್ಲಿಂದ ಆಚೆ ದಂಡೆಯ ಬೇವಿನಮರಕ್ಕೆ ಇಳಿಜಾರಾಗಿ ಒಂದು ಉಕ್ಕಿನ ತಂತಿಹಗ್ಗ ಬಿಗಿದು, ಅದರ ಮೇಲೆ ಬಾವಿಯ ಗಡಗಡಿ ಓಡಬಿಟ್ಟಿದ್ದಳು. ಗಡಗಡಿಗೆ ಹುಣಸೆಹಣ್ಣಿನ ಚೀಲ ನೇತುಹಾಕಿ ಬಿಟ್ಟರೆ ಅದು ಹಳ್ಳ ದಾಟಿ ಬಂಡಿದಾರಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು.

ಚೀಲ ಹೋಗುವುದನ್ನು ನೋಡಿದ ಮೇಲೆ ಮಕ್ಕಳು ಬಿಡುತ್ತಾರೆಯೇ? ಎಳ್ಳಮಾವಾಸ್ಯೆಗೆ ಎಲ್ಲರೂ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಅಡುಗೆಯ ಚರಗ ಚೆಲ್ಲಿ, ಅಲ್ಲೇ ಉಣ್ಣುವುದು ನಮ್ಮ ಕಡೆಯ ರೂಢಿ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾವು ಬೈಲಹೊಂಗಲದಿಂದ, ಚಿಗವ್ವನ ಮನೆಯವರು ರಾಮದುರ್ಗದಿಂದ, ತಪ್ಪದೆ ಮನೋಳಿಗೇ ಬರುತ್ತಿದ್ದೆವು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಹೋಳಿಗೆ ಎಲ್ಲ ಒಂದು ನೆಪ. ನಾವು ಬರುತ್ತಿದ್ದುದು ಆ ಗಡಗಡಿಗೆ. ಗೋಣಿತಟ್ಟಿನ ಜೋಲಿಯಲ್ಲಿ ಕೂತು ಹಳ್ಳದ ಮೇಲೆ ಹಾರಿ, ಆಚೆ ಒಟ್ಟಿದ ಒಣ ಜೋಳದ ದಂಟಿನ ಕಣಿಕೆಯ ರಾಶಿಯಲ್ಲಿ ಹೋಗಿ ಬೀಳುವುದು. ನಮ್ಮವ್ವ, ಮನೆಯಲ್ಲಿ ಜೋರಾಗಿ ಮಾತಾಡದ ನಮ್ಮವ್ವ, ಒಮ್ಮೆ ಆ ಜೋಲಿಯಲ್ಲಿ ಕೂತು ದಂಡೆ ಮುಟ್ಟುವತನಕ ಕಿರುಚಿದ್ದನ್ನು ನಾನು ಕೇಳಿದ್ದೇನೆ.

ಜೋಲಿಯ ಹಿಂದೆ ಒಂದು ಉದ್ದನೆಯ ಹಗ್ಗ ಕಟ್ಟಿರುತ್ತಿತ್ತು. ಅದರ ತುದಿ ಕೆಳಗೆ ನಿಂತ ಮಾಮಾನ ಕೈಯಲ್ಲಿ. ವೇಗ ಹೆಚ್ಚಾದರೆ ಅವರು ಬಿಗಿ ಹಿಡಿಯುತ್ತಿದ್ದರು. ಮಾಮಾ ಕಡ್ಡಿಯಂಥ ಮನುಷ್ಯ, ಎತ್ತರವೆಂದರೆ ಪ್ರಾಣಭಯ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿದರೆ ಅಂಚಿನಿಂದ ದೂರ, ಸರಿಯಾಗಿ ನಟ್ಟನಡುವೆ ಮಲಗುತ್ತಿದ್ದರು. ಅದನ್ನು ಹಿಡಿದು ನಾವು ಕಾಡಿದರೆ ಅತ್ತಿ ಬೈಯುತ್ತಿದ್ದಳು. “ಹೆದರಿಕಿ ಇದ್ದಾಂವ ಹಗ್ಗಾ ಗಟ್ಟಿ ಹಿಡೀತಾನ. ನಿಮ್ಮ ಜೀವಾ ಯಾರ ಕೈಯಾಗ ಐತಿ ತಿಳ್ಕೋರಿ.”

ಹಗ್ಗದ ವಿಷಯದಲ್ಲಿ ಆಕೆ ದೇವರನ್ನೂ ನಂಬುತ್ತಿರಲಿಲ್ಲ. ಪ್ರತಿ ವರ್ಷ ಪುಂಡಿನಾರಿನ ಹೊಸ ಹಗ್ಗ ಹೊಸೆಸುವುದು. ಕಟ್ಟುವ ಮೊದಲು ಅದರ ಉದ್ದಕ್ಕೂ ಗಲ್ಲ ಸವರುವುದು. ಅಂಗೈ ಕೆಲಸ ಮಾಡಿ ಒರಟಾಗಿರುತ್ತದೆ, ಹರಿದ ಎಳೆ ಅದಕ್ಕೆ ತಿಳಿಯುವುದಿಲ್ಲ, ಗಲ್ಲಕ್ಕೆ ತಿಳಿಯುತ್ತದೆ ಎನ್ನುತ್ತಿದ್ದಳು. ಆಮೇಲೆ ಮೊದಲು ತಾನು ದಾಟಬೇಕು, ತಾನು ಹಾರಬೇಕು. ತಾನು ಆಚೆ ಮುಟ್ಟಿ ಕೂಗು ಹಾಕುವತನಕ ಒಬ್ಬರೂ ಹತ್ತುವಂತಿಲ್ಲ.

ಹತ್ತುವ ಮೊದಲು ಇನ್ನೊಂದು ಕೆಲಸ ಇತ್ತು. ಬದುವಿನ ಮೇಲೆ ಕೂತು ಬೆಳ್ಳಿಯ ಕಾಲುಂಗುರ ಬಿಚ್ಚಿ ಮಾಮಾನ ಕೈಗೆ ಕೊಡುತ್ತಿದ್ದಳು. ಮಾಮಾ ಅವನ್ನು ಅಂಗಿಯ ಕಿಸೆಗೆ ಹಾಕಿ, ಒಮ್ಮೆ ಮೇಲಿನಿಂದ ತಟ್ಟಿ ನೋಡಿಕೊಳ್ಳುತ್ತಿದ್ದರು. ಊರ ಹೆಂಗಸರಿಗೆ ಇದು ಆಗಿಬರುತ್ತಿರಲಿಲ್ಲ. ಗಂಡ ಎದುರಿಗೆ ನಿಂತಿರುವಾಗ ಮುತ್ತೈದೆ ಕಾಲುಂಗುರ ತೆಗೆಯುವುದೆಂದರೇನು? ಹಗ್ಗದ ಎಳೆ ಉಂಗುರದಲ್ಲಿ ಸಿಕ್ಕರೆ ಬೆರಳು ಹೋಗುತ್ತದೆ ಎಂದು ಅತ್ತಿ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಷ್ಟೋ ವರ್ಷದ ನಂತರ ನಾನು ಮಗಳನ್ನು ದಾಂಡೇಲಿ ಕಡೆಯ ಕಾಡಿನಲ್ಲಿ ಜಿಪ್‌ಲೈನ್ ಆಡಿಸಲು ಕರೆದುಕೊಂಡು ಹೋಗಿದ್ದೆ. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಪಟ್ಟಿ, ಬಹಳ ವ್ಯವಸ್ಥಿತ. ಅಲ್ಲಿ ಬೋರ್ಡಿನ ಮೊದಲನೆಯ ಸಾಲೇ, ‘ಉಂಗುರ, ಬಳೆ ತೆಗೆದಿಡಿ’ ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ, ಮಗಳು ಗಾಬರಿಯಾದಳು.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ಮಾಮಾನಿಗೆ ಎದೆನೋವು ಬಂದು ಬೆಳಗಾವಿಯ ದವಾಖಾನೆಯಲ್ಲಿ ಹತ್ತು ದಿನ ಇದ್ದರು. ಎಳ್ಳಮಾವಾಸ್ಯೆ ಬಂದಾಗ ಅವರು ಮನೆಗೆ ಮರಳಿ ಇನ್ನೂ ತಿಂಗಳು ಕಳೆದಿರಲಿಲ್ಲ. ಆ ಸಲ ನಮ್ಮ ಆಯಿ, ಅಂದರೆ ಅತ್ತಿಯ ಹಡೆದ ತಾಯಿ, ನಮ್ಮ ಜೊತೆ ಬಂದಿದ್ದಳು. ಅತ್ತಿ ಬದುವಿನ ಮೇಲೆ ಕೂತು ಉಂಗುರಕ್ಕೆ ಕೈ ಹಾಕಿದ ಕೂಡಲೇ ಆಯಿ ಆ ಕೈ ಹಿಡಿದುಕೊಂಡಳು.

“ಯವ್ವಾ, ಇದೊಂದು ವರ್ಷ ತಗೀಬ್ಯಾಡ. ನನ್ನ ಅಳಿಯಾ ಸಾವಿನ ಬಾಯಾಗಿಂದ ಬಂದಾನ. ನಿನ್ನ ಕಾಲಿಗೆ ಬೀಳತೇನಿ.”

ಎಂಬತ್ತರ ಹತ್ತಿರದ ತಾಯಿ ನಿಜವಾಗಿಯೂ ಬಗ್ಗಿಬಿಟ್ಟಳು. ಅತ್ತಿ ಮಾಮಾನ ಮುಖ ನೋಡಿದಳು, ಮಾಮಾ ನೆಲ ನೋಡಿದರು. “ಆತು ಬಿಡಬೇ” ಎಂದು ಅತ್ತಿ ಉಂಗುರ ಇಟ್ಟುಕೊಂಡೇ ಮೊದಲನೆಯ ಮರಕ್ಕೆ ಇಳಿಬಿಟ್ಟ ಹಗ್ಗದ ಏಣಿ ಹತ್ತಿದಳು.

ಮೊದಲನೆಯ ಮತ್ತು ಎರಡನೆಯ ಮರದ ನಡುವೆ, ಮಾಳಿಗೆಗಿಂತ ಎತ್ತರದಲ್ಲಿ, ಆಕೆ ನಿಂತುಬಿಟ್ಟಳು. ನಾವು ಸುಧಾರಿಸಿಕೊಳ್ಳುತ್ತಿದ್ದಾಳೆಂದು ತಿಳಿದೆವು. ಎಡಗಾಲಿನ ಉಂಗುರದಲ್ಲಿ ನಾರಿನ ಎಳೆ ಹೊಕ್ಕು ತಿರುಚಿಕೊಂಡಿತ್ತು. ಕಾಲು ಎತ್ತಿದಷ್ಟೂ ಬಿಗಿ. ಬಗ್ಗಿ ಬಿಡಿಸಬೇಕೆಂದರೆ ಕೈಹಗ್ಗ ಬಿಡಬೇಕು, ಬಿಟ್ಟರೆ ತಲೆಕೆಳಗು. ಬೆರಳಿನಿಂದ ರಕ್ತ ಒಂದೊಂದೇ ಹನಿ ಕೆಳಗಿನ ಜೋಳದ ಎಲೆಯ ಮೇಲೆ ಬೀಳುತ್ತಿತ್ತು.

ಅಪ್ಪ ಏಣಿಗೆ ಕಾಲಿಟ್ಟ. ಮೇಲಿನಿಂದ ಅತ್ತಿಯ ದನಿ ಬಂತು, ಅಡುಗೆಮನೆಯಿಂದ ಉಪ್ಪು ಕೇಳಿದಷ್ಟು ಸಮಾಧಾನದ ದನಿ. “ನೀ ಬ್ಯಾಡೋ ತಮ್ಮಾ. ನಿನ್ನ ಭಾರಕ್ಕ ಹಗ್ಗಾ ಜೋಲಿ ನನ್ನ ಬೆರಳು ಕಿತ್ತು ಹೊಕ್ಕೈತಿ. ಹಗೂರ ಇದ್ದಾವರು ಯಾರರ ಬರ್ರಿ.”

ಹಬ್ಬವೆಂದು ಆಳುಗಳು ಯಾರೂ ಇರಲಿಲ್ಲ. ನಾನು ಹೋಗುತ್ತೇನೆಂದೆ. “ಸಣ್ಣಾವ್ರಿಗೆ ಅಲ್ಲ ಇದು” ಎಂದಳು. ಅಲ್ಲಿ ಹಗುರವಾದ ದೊಡ್ಡವರೆಂದರೆ ಮಾಮಾ ಒಬ್ಬರೇ. ಎಲ್ಲರಿಗೂ ಅದು ಗೊತ್ತಾಯಿತು. ಅತ್ತಿ ಮಾತ್ರ ಅವರ ಹೆಸರೆತ್ತಲಿಲ್ಲ.

ಮಾಮಾ ಬುತ್ತಿಯ ಹತ್ತಿರ ಹೋದರು. ಒಂದು ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡರು. ತಲೆಯ ರುಮಾಲು ಬಿಚ್ಚಿ ನಡುವಿಗೆ ಕಟ್ಟಿಕೊಂಡರು. ಮನುಷ್ಯನಿಗೆ ಗಾಬರಿಯಲ್ಲಿ ತಲೆ ಕೆಟ್ಟಿತೆಂದೇ ನಾನು ತಿಳಿದೆ. ಅವರು ಏಣಿ ಹತ್ತತೊಡಗಿದಾಗ ಆಯಿ ಹೋಗಬೇಡವೆಂದು ಅಳತೊಡಗಿದಳು.

ಮರದ ಮೇಲೆ ಮುಟ್ಟಿದ ಮಾಮಾ ಕಣ್ಣುಮುಚ್ಚಿ ಟೊಂಗೆ ಅಪ್ಪಿ ನಿಂತರು. ಅವರ ಧೋತರದ ಚುಂಗು ನಡುಗುವುದು ನನಗೆ ಕೆಳಗಿನಿಂದ ಕಾಣುತ್ತಿತ್ತು.

“ಕಣ್ಣ ತಗೀರಿ,” ಅತ್ತಿ ಹೇಳಿದಳು. “ಕೆಳಗ ಏನೂ ಇಲ್ಲ. ನನ್ನ ಮಾರಿ ನೋಡಕೋತ ಬರ್ರಿ. ಇಪ್ಪತ್ತೆಂಟು ವರ್ಷ ನೋಡೀರಿ, ಇನ್ನೊಂದೀಟು ನೋಡ್ರಿ.”

“ನಗಸಬ್ಯಾಡ, ಬೀಳತೇನಿ.”

“ರುಮಾಲಿನ ತುದಿ ಮ್ಯಾಲಿನ ಹಗ್ಗಕ್ಕ ಸುತ್ತಿ ಕಟ್ರಿ. ಹಾಂ. ಈಗ ಬಲಗಾಲು ಸರಸ್ರಿ.”

ಒಂದೊಂದು ಗೇಣು ಸರಿಯುತ್ತ, ನಿಲ್ಲುತ್ತ, ಮತ್ತೆ ಸರಿಯುತ್ತ ಮಾಮಾ ಆಕೆಯ ಹತ್ತಿರ ಬಂದರು. ಕುದುರೆಯ ಮೇಲೆ ಕೂತಂತೆ ಹಗ್ಗದ ಮೇಲೆ ಕೂಡಿರಿ ಎಂದು ಅತ್ತಿ ಹೇಳಿದಳು, ಕೂತರು. ಒಂದು ಕೈ ಮೇಲಿನ ಹಗ್ಗದಲ್ಲಿ, ಇನ್ನೊಂದು ಕೈ ಕಿಸೆಯಲ್ಲಿ. ಆಗ ನನಗೆ ಬೆಣ್ಣೆಯ ಗುಟ್ಟು ತಿಳಿಯಿತು. ಬಾತ ಬೆರಳಿಗೆ ಬೆಣ್ಣೆ ಸವರಿ, ಸವರಿ, ಉಂಗುರ ತಿರುಗಿಸತೊಡಗಿದರು. ನಾವೆಲ್ಲ ಕತ್ತು ಎತ್ತಿಕೊಂಡು ನಿಂತಿದ್ದೆವು. ಬಹಳ ಹೊತ್ತಿನ ಮೇಲೆ ಉಂಗುರ ಕಳಚಿತು. ಮಾಮಾನ ಜಿಡ್ಡುಗೈಯಿಂದ ಅದು ಜಾರಿ ಎಲ್ಲೋ ಬಿತ್ತು.

ತಿರುಗಿ ಬರುವಾಗ ಕಾಲಿಗೆ ಪೆಟ್ಟಾದವಳು ಅತ್ತಿ, ಮುಂದೆ ಹೋಗಲಾರದೆ ನಿಂತವರು ಮಾಮಾ. ಆ ರಕ್ತದ ಕಾಲಿನಲ್ಲೇ ಹಗ್ಗ ಹಿಡಿದು, ಒಂದು ಕೈಯಿಂದ ಅವರ ಹೆಗಲು ಮುಟ್ಟಿಕೊಂಡು, ಸಂಜೆಗೆ ಏನು ಪಲ್ಯ ಮಾಡಲಿ, ಪುಂಡಿಪಲ್ಯವೋ ಝುಣಕವೋ ಎಂದು ಕೇಳುತ್ತ ಕೇಳುತ್ತ ಮರಕ್ಕೆ ತಂದು ಮುಟ್ಟಿಸಿದಳು. ಇಬ್ಬರ ಪೈಕಿ ಯಾರನ್ನು ನೋಡಿ ಹೆಚ್ಚು ಬೆರಗಾಗಬೇಕೆಂದು ನನಗೆ ಆವತ್ತೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಕೆಳಗೆ ಆಯಿ ಎದೆ ಬಡಿದುಕೊಳ್ಳುತ್ತಿದ್ದಳು. ಗಂಡ ತನ್ನ ಕೈಯಾರೆ ಹೆಂಡತಿಯ ಕಾಲುಂಗುರ ತೆಗೆದ, ಇನ್ನು ಇದಕ್ಕಿಂತ ಅಪಶಕುನ ಏನಿದೆ? ಮಾಮಾ ಎರಡು ತಂಬಿಗೆ ನೀರು ಕುಡಿದರು. ಆಮೇಲೆ ಆಯಿಗೆ ಹೇಳಿದರು: “ಅವ್ವಾರ, ನಾ ಸಾಯೂದಿದ್ರ ಈಗ ಮ್ಯಾಲೇ ಸಾಯತಿದ್ದೆ. ಇನ್ನ ಆಕಿಗೆ ಉಂಗುರದ ಸುದ್ದಿ ಹೇಳಬ್ಯಾಡ್ರಿ.” ಉಳಿದ ಉಂಗುರವನ್ನೂ ಅತ್ತಿ ಅಲ್ಲೇ ತೆಗೆದಳು, ಮುಂದೆ ಹಾಕಿಕೊಳ್ಳಲಿಲ್ಲ. ಬೆರಳು ಮಾಯ್ದ ಮೇಲೆ ಮತ್ತೆ ಮರ ಹತ್ತಿದಳು.

ಮಾಮಾ ಅದಾದ ಮೇಲೆ ಆರು ವರ್ಷ ಬದುಕಿದರು. ಅವರು ಹೋದ ದಿನ ಮನೋಳಿಯ ಹೆಂಗಸರು ರೂಢಿಯಂತೆ ಅತ್ತಿಯ ಸುತ್ತ ಕೂತು ಬಳೆಗೆ, ಕಾಲಿಗೆ ಕೈ ಚಾಚಿದರು. ಅತ್ತಿ ಬಳೆಗಳನ್ನು ತಾನೇ ಒಂದೊಂದಾಗಿ ತೆಗೆದು ಕೆಳಗಿಟ್ಟಳು, ಒಡೆಯಗೊಡಲಿಲ್ಲ. ಕಾಲು ಮಾತ್ರ ಸೀರೆಯೊಳಗೆ ಎಳೆದುಕೊಂಡಳು. “ಅಲ್ಲಿ ತಗ್ಯೂದನ್ನ ಅವರಽ ತಗದು ಹೋಗ್ಯಾರ. ಯಾರೂ ಮುಟ್ಟಬ್ಯಾಡ್ರಿ” ಎಂದಳು. ಆಮೇಲೆಯೇ ಅತ್ತದ್ದು.

ಅತ್ತಿಯೂ ಹೋಗಿ ಬಹಳ ವರ್ಷವಾಯಿತು. ಜ್ವರ ಬಂದು ನಾಲ್ಕು ದಿನ ಮಲಗಿದಳು, ಐದನೆಯ ದಿನ ಇರಲಿಲ್ಲ. ಆಕೆಯಿಂದ ನನಗೆ ಬಂದದ್ದು ಏನೆಂದು ಯಾರಾದರೂ ಕೇಳಿದರೆ ನಾನು ನನ್ನ ಮದುವೆಯ ದಿನದ ಸಂಗತಿ ಹೇಳುತ್ತೇನೆ. ಅದು ಮಾಮಾ ಹೋದ ಎರಡು ವರ್ಷಕ್ಕೆ. ಅಕ್ಕಸಾಲಿ ಪತ್ತಾರ ನನ್ನ ಕಾಲನ್ನು ಮಣೆಯ ಮೇಲೆ ಇಡಿಸಿಕೊಂಡು ಹೊಸ ಕಾಲುಂಗುರ ತೊಡಿಸುತ್ತಿದ್ದ. ಸುತ್ತ ಮುತ್ತೈದೆಯರು, “ಬಿಗಿ ಒತ್ತೋ, ಬೀಳಬಾರದು” ಎನ್ನುತ್ತಿದ್ದರು. ಅವನು ಇಕ್ಕಳದಿಂದ ಒತ್ತುತ್ತಿದ್ದ, ನನಗೆ ನೋಯುತ್ತಿತ್ತು, ಮದುಮಗಳು ನೋಯುತ್ತದೆ ಎನ್ನಬಾರದು. ಅತ್ತಿ ಹಂದರದ ಹಿಂದಿನ ಸಾಲಿನಲ್ಲಿ, ಗಂಡನಿಲ್ಲದವರು ಕೂಡುವ ಕಡೆ ಕೂತಿದ್ದಳು. ಅಲ್ಲಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಏ ತಮ್ಮಾ, ಆಕಿ ಕೈಲೆ ಆಕೀನ ತಗ್ಯೂವಷ್ಟು ಸಡ್ಲ ಇರ್ಲಿ.”

ಬೀಗರ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಪತ್ತಾರ ಇಕ್ಕಳ ಹಿಡಿದುಕೊಂಡು ಯಾರ ಮಾತು ಕೇಳಬೇಕೆಂದು ತಿಳಿಯದೆ ಕೂತ. ಆಗ ನನ್ನ ಬೆನ್ನ ಹಿಂದೆ ಗೋಡೆಗೆ ಆತು ಕೂತಿದ್ದ ಆಯಿ, ಕಣ್ಣು ಪೂರ್ತಿ ಮಂಜಾಗಿದ್ದ ನಮ್ಮ ಆಯಿ, ಕೋಲಿನಿಂದ ನೆಲ ಕುಟ್ಟಿದಳು.

“ನನ್ನ ಮಗಳು ಹೇಳಿದಂಗ ಮಾಡಪಾ” ಎಂದಳು.

ಅವನು ಉಂಗುರದ ಬಾಯಿ ಅಗಲಿಸಿದ. ಅವು ಇವತ್ತಿಗೂ ನನ್ನ ಕಾಲಲ್ಲೇ ಇವೆ. ಬೇಕೆಂದಾಗ ನಾನೇ ತೆಗೆಯುತ್ತೇನೆ, ನಾನೇ ಹಾಕಿಕೊಳ್ಳುತ್ತೇನೆ.