ರಾಮಗಿರಿಯಿಂದ ತಾರದ ಗಿಟಾರ್

1974ರಲ್ಲಿ ನಾನು ಚಿತ್ರದುರ್ಗದ ಒಂದು ವಾದ್ಯದಂಗಡಿಯಲ್ಲಿ ರಿಪೇರಿ ಕೆಲಸಕ್ಕಿದ್ದೆ. ಬರುತ್ತಿದ್ದುದು ಹೆಚ್ಚಾಗಿ ಹಾರ್ಮೋನಿಯಂ, ತಬಲಾ; ಗಿಟಾರ್ ಅಪರೂಪ. ಹಿರಿಯೂರಿನಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ರುದ್ರೇಶ, ಒಳ್ಳೆಯ ನಾದದ ಹಳೆಯ ಅಕೌಸ್ಟಿಕ್ ಗಿಟಾರ್ ಹುಡುಕಿಕೊಡೆಂದು ನನ್ನ ಬೆನ್ನು ಬಿದ್ದಿದ್ದ. ರಾಮಗಿರಿಯಲ್ಲಿ ನಿವೃತ್ತ ರೈಲ್ವೆ ಗಾರ್ಡ್ ತಿಪ್ಪೇಸ್ವಾಮಿಯವರ ಮನೆಯಲ್ಲಿ ಅಂಥದ್ದೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ದಾವಣಗೆರೆಯ ವ್ಯಾಪಾರಿಯೊಬ್ಬ ಆಗಲೇ ವಿಚಾರಿಸಿದ್ದನಂತೆ. ಮರುದಿನ ಬೆಳಿಗ್ಗೆಯೇ ಹೊರಟೆ. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಅದು ಬರುವ ತನಕ ಕೂರಲಾಗದೆ ನಿಲ್ದಾಣದ ಉದ್ದಕ್ಕೂ ಓಡಾಡಿದೆ.

ರಾಮಗಿರಿಯ ಮನೆಯಲ್ಲಿ ತಿಪ್ಪೇಸ್ವಾಮಿಯವರ ಹೆಂಡತಿ ಗಂಗಮ್ಮ ಗಿಟಾರಿನ ಪೆಟ್ಟಿಗೆ ತಂದಿಟ್ಟರು. ತಿಪ್ಪೇಸ್ವಾಮಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

"ಲಕ್ವ ಹೊಡೆದಾಗಿಂದ ಎಡಗೈ ಬೆರಳು ಮಡಚಲ್ಲ. ದಿನಾ ಅದನ್ನ ಹಿಡ್ಕಂಡು ಒದ್ದಾಡ್ತಾರೆ. ತಗಂಡೋಗ್ರಿ, ಕಣ್ಮುಂದೆ ಇಲ್ದಿದ್ರೆ ಮರೀತಾರೆ," ಎಂದರು ಗಂಗಮ್ಮ.

ಊರು ಬಿಟ್ಟು ಹೋಗುತ್ತಿದ್ದ ರೈಲು ಡ್ರೈವರೊಬ್ಬರಿಂದ ತಿಪ್ಪೇಸ್ವಾಮಿ ಕೊಂಡಿದ್ದ ಗಿಟಾರದು. ಮುಖಭಾಗದ ಸ್ಪ್ರೂಸ್ ಮರ ವಯಸ್ಸಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ತಟ್ಟಿದೆ, ಸದ್ದು ತಕ್ಷಣ ಸಾಯದೆ ಒಳಗೇ ಸುತ್ತಿತು. ಪುಟ್ಟ ಕನ್ನಡಿ ಹಿಡಿದು ಒಳಗಿನ ಆಧಾರಪಟ್ಟಿಗಳನ್ನು ನೋಡಿದೆ. ಒಂದರ ಅಂಟೂ ಬಿಟ್ಟಿರಲಿಲ್ಲ. ಹೊಸ ತಂತಿ ಕಟ್ಟಿ ಮೀಟಿದೆ. ಅಂಥ ನಾದ ನನ್ನ ಕೈಗೆ ಅದುವರೆಗೆ ಬಂದಿರಲಿಲ್ಲ.

"ಚೆನ್ನಾಗೈತಾ?" ತಿಪ್ಪೇಸ್ವಾಮಿ ಗೋಡೆ ನೋಡುತ್ತಲೇ ಕೇಳಿದರು.

"ಬಾಳ ಚೆನ್ನಾಗೈತೆ," ಎಂದೆ.

ನಾನು ನುಡಿಸುತ್ತಿದ್ದಂತೆ ಅವರ ಎಡಗೈ ತೊಡೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ಬೆರಳು ಸೆಟೆದಿದ್ದವು, ಆದರೆ ಮೊಣಕೈ ಸರಾಗವಾಗಿ ಆಡುತ್ತಿತ್ತು. ಅದನ್ನು ನೋಡದಿದ್ದರೆ ಚೆನ್ನಾಗಿತ್ತು ಎನಿಸಿತು. ಪೆಟ್ಟಿಗೆ ಮುಚ್ಚಿದೆ. ಎದ್ದು ಬಾಗಿಲವರೆಗೆ ಹೋದೆ. ಮತ್ತೆ ಬಂದು ಪೆಟ್ಟಿಗೆ ತೆರೆದೆ.

ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿಯನ್ ಪದ್ಧತಿಯೊಂದಿದೆ. ಅದರಲ್ಲಿ ಬೆರಳಿನಿಂದ ತಂತಿ ಒತ್ತಬೇಕಿಲ್ಲ, ಮೊಣಕೈ ಆಡಿದರೆ ಸಾಕು. ನಾನು ಉಪಕರಣಗಳನ್ನು ಹರಡುತ್ತಿದ್ದಂತೆ ಗಂಗಮ್ಮನಿಗೆ ಸಿಟ್ಟು ಬಂತು.

"ಆಸೆ ತೋರ್ಸಿ ಹೋಗ್ಬ್ಯಾಡ್ರಿ. ಆಮೇಲೆ ಇವ್ರನ್ನ ನೋಡ್ಕಳಾಳು ನಾನು."

ಅವರ ಮಾತು ಸುಳ್ಳಾಗಿರಲಿಲ್ಲ. ಆದರೂ ಕುತ್ತಿಗೆಯ ತುದಿಯಲ್ಲಿ ತಂತಿಗಳ ಕೆಳಗೆ ಮೂಳೆಯ ಚೂರೊಂದನ್ನು ಉಜ್ಜಿ ಕೂರಿಸಿ, ಅವುಗಳನ್ನು ಎತ್ತರಿಸಿದೆ. ಒತ್ತದೆ ಮೀಟಿದರೂ ಸ್ವರಗಳು ಕೂಡಿಬರುವಂತೆ ಶ್ರುತಿ ಇಳಿಸಿದೆ. ಗಿಟಾರನ್ನು ತಿಪ್ಪೇಸ್ವಾಮಿಯವರ ತೊಡೆಯ ಮೇಲೆ ಮಲಗಿಸಿ, ನುಣುಪಾದ ಉಕ್ಕಿನ ತುಂಡನ್ನು ಅವರ ಎಡ ಅಂಗೈಗೆ ಬಟ್ಟೆಯಿಂದ ಕಟ್ಟಿದೆ.

ಮೊದಲ ಸಲ ತಂತಿ ಕಿರುಚಿತು. ಅವರು ಕೈ ಎಳೆದುಕೊಂಡರು. ಗಂಗಮ್ಮ ಒಳಗೆ ಹೋಗಿಬಿಟ್ಟರು. "ಒತ್ಬ್ಯಾಡ್ರಿ, ಸುಮ್ನೆ ಜಾರ್ಸ್ರಿ," ಎಂದೆ. ಎರಡನೆಯದೂ ಕೆಟ್ಟಿತು. ಆಮೇಲೊಂದು ಸ್ವರ ಕೆಳಗಿನಿಂದೆದ್ದು ಶುದ್ಧವಾಗಿ ಮೇಲೆ ಹೋಗಿ ನಿಂತಿತು. ತಿಪ್ಪೇಸ್ವಾಮಿ ಗೋಡೆ ಬಿಟ್ಟು ಬಾಗಿಲ ಕಡೆ ತಿರುಗಿದರು.

"ಗಂಗಾ, ಕೊಡಬ್ಯಾಡ ಕಣೇ ಇದನ್ನ."

ಗಂಗಮ್ಮ ಹೊರಬಂದು, ಖಾಲಿ ಪೆಟ್ಟಿಗೆಯನ್ನೆತ್ತಿ ಅಟ್ಟದ ಮೇಲಿಟ್ಟರು.

ಬರಿಗೈಯಲ್ಲಿ ಮರಳಿದೆ. ರುದ್ರೇಶ ಬಹಳ ದಿನ ನನ್ನೊಡನೆ ಮಾತು ಬಿಟ್ಟ. ಆ ಗಿಟಾರಿನ ಆಸೆ ನನಗೂ ಹೋಗಲಿಲ್ಲ. ಆಮೇಲೆ ಮುಟ್ಟಿದ ಪ್ರತಿಯೊಂದನ್ನೂ ಅದಕ್ಕೆ ಹೋಲಿಸಿ ಚಡಪಡಿಸಿದ್ದೇನೆ. ಆದರೆ ಅಂದಿನಿಂದ ಕೆಲಸದ ಕ್ರಮ ಬದಲಾಯಿತು. ಯಾರಾದರೂ ವಾದ್ಯ ತಂದರೆ ಮೊದಲು ಅವರ ಕೈ ನೋಡುತ್ತಿದ್ದೆ, ಆಮೇಲೆ ವಾದ್ಯ.