ಗಂಗವ್ವನ ಗಿಡ್ಡ ಕುಡುಗೋಲು

ಕೆಂಪು ಎಂದರೆ ಏನೆಂದು ನನಗೆ ಗೊತ್ತಿದೆಯೆಂದು ಮೂವತ್ತು ವರ್ಷ ನಂಬಿದ್ದೆ. ತುಕ್ಕಾನಟ್ಟಿಯ ಕಮ್ಮಾರ ಕಾಳಪ್ಪನ ಕುಲುಮೆಯಲ್ಲಿ ಕೆಲಸ ಕಲಿಯಲು ಕುಳಿತ ಮೇಲೆ ಆ ನಂಬಿಕೆ ಹೋಯಿತು. ನನ್ನಂಥ ಸಾಲೆಯ ಮಾಸ್ತರನಿಗೆ ಕಬ್ಬಿಣದ ಹುಚ್ಚು ಏಕೆ? ಅದು ಖಾದಿಯ ಕಾಲ, ಎಲ್ಲರೂ ಕೈಕೆಲಸ ಕಲಿಯುತ್ತಿದ್ದರು ಎಂದು ಒಮ್ಮೆ ಹೇಳಿದ್ದೇನೆ. ರಜೆಯಲ್ಲಿ ಹೆಂಡತಿಯ ಕಣ್ಣು ತಪ್ಪಿಸಲು ಎಂದು ಇನ್ನೊಮ್ಮೆ. ಎರಡೂ ಆಮೇಲೆ ಹೊಳೆದ ಕಾರಣಗಳು.

ಕಾಳಪ್ಪ ಹಾಡುಹಗಲೇ ಬಾಗಿಲಿಗೆ ಗೋಣಿತಟ್ಟು ಇಳಿಬಿಡುತ್ತಿದ್ದ. ಆ ಕತ್ತಲಲ್ಲಿ ತಿದಿಯೊತ್ತುತ್ತ ಕುಳಿತರೆ ಕಬ್ಬಿಣ ಕನಸು ಕಾಣುವಂತೆ ಬಣ್ಣ ಬದಲಿಸುತ್ತಿತ್ತು: ಮೊದಲು ಒಣಮೆಣಸಿನಕಾಯಿ, ಆಮೇಲೆ ಗುಲಗಂಜಿ, ಆಮೇಲೆ ಮಾವಿನಹಣ್ಣು. ನಾನು ಸುತ್ತಿಗೆ ಎತ್ತುವುದನ್ನೇ ಮರೆಯುತ್ತಿದ್ದೆ.

ಒಂದು ದಿನ ಗಂಗವ್ವ ತನ್ನ ಮೊಂಡಾದ ಕುಡುಗೋಲು ಕೊಟ್ಟುಹೋದಳು. ಮರುದಿನವೇ ಜೋಳದ ಕೊಯ್ಲು, ಮನೆಯಲ್ಲಿದ್ದದ್ದು ಅದೊಂದೇ.

“ಗುಲಗಂಜಿ ಬಣ್ಣ ಬಂತಂದ್ರ ಹೊರಗ ತೆಗೀರಿ,” ಎಂದು ಹೇಳಿ ಕಾಳಪ್ಪ ಊಟಕ್ಕೆ ಹೋದ.

ಚೆನ್ನಾಗಿ ಕಾಣಲೆಂದು ನಾನು ಗೋಣಿತಟ್ಟು ಸರಿಸಿದೆ. ಒಳಬಂದ ಬಿಸಿಲಿನಲ್ಲಿ ಕಬ್ಬಿಣ ಇನ್ನೂ ಕಪ್ಪಗೇ ಕಂಡಿತು. ಮತ್ತೆ ಮತ್ತೆ ತಿದಿಯೊತ್ತಿದೆ. ತುದಿಯಿಂದ ಬೆಳ್ಳನೆಯ ಚುಕ್ಕೆಗಳು ಒಂದರ ಹಿಂದೊಂದು ಹೂವಿನಂತೆ ಬಿರಿದವು. ಅಂಥ ಚೆಲುವನ್ನು ನಾನೆಂದೂ ಕಂಡಿರಲಿಲ್ಲ.

“ಸುಟ್ಟಿರಲ್ರೀ ಮಾಸ್ತರ!” ಊಟ ಮುಗಿಸಿ ಬಂದ ಕಾಳಪ್ಪ ಬಾಗಿಲಲ್ಲೇ ಕೂಗಿದ. “ಬಿಸಲಾಗ ಕಾವಿನ ಬಣ್ಣ ತಿಳೀತೈತೇನ್ರೀ? ಮತ್ತ ತಟ್ಟು ಯಾಕ ಕಟ್ಟೀನಿ?”

ನಾನು ಮೈಮರೆತು ನೋಡಿದ್ದು ಉಕ್ಕು ಉರಿದುಹೋಗುವುದನ್ನು. ಕಾಳಪ್ಪ ಸುಟ್ಟ ನಾಲ್ಕು ಬೆರಳಷ್ಟನ್ನು ಕಡಿದೊಗೆದು, ಉಳಿದುದಕ್ಕೆ ಹೊಸ ಮೊನೆ ಎಳೆದ.

ಸಂಜೆ ಗಂಗವ್ವ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. “ಏ ಕಾಳಪ್ಪಾ, ನನ್ನ ಕುಡಗೋಲು ಮರಿ ಹಾಕೇತೇನು? ತಾಯಿ ಎಲ್ಲೈತಿ?”

“ನಾನು ಸುಟ್ಟೆ,” ಎಂದೆ.

“ಹಂಗಾರ ನಾಳಿಗೆ ಹೊತ್ತೇರೂದ್ರಾಗ ಹೊಲಕ್ಕ ಬರ್ರಿ. ಈ ಮರಿ ಹಿಡ್ಕೊಂಡು ನೀವ ಕೊಯ್ರಿ.”

ಹೋದೆ. ನಾನು ಕೊಯ್ದೆ, ಅವಳು ಸಿವುಡು ಕಟ್ಟಿದಳು. ಗಿಡ್ಡ ಅಲಗಿಗೆ ಒಂದೊಂದೇ ದಂಟು ಸಿಕ್ಕುತ್ತಿತ್ತು. ಮಧ್ಯಾಹ್ನ ಅವಳು ಕುಡುಗೋಲು ಕಸಿದುಕೊಂಡು ನಾಲ್ಕು ಸಾಲು ಮುಗಿಸಿ, “ಛಲೋ ಹರೀತೈತಿ,” ಎಂದು ಮತ್ತೆ ನನ್ನ ಕೈಗಿಟ್ಟಳು. ನಿಜಕ್ಕೂ ಅಂದಳೋ, ನನ್ನ ಅಂಗೈಯ ಬೊಬ್ಬೆಗಳಿಗೆ ಹಾಗೆ ಕೇಳಿಸಿತೋ, ಆಣೆ ಮಾಡಲಾರೆ.

ಅಂದು ಸಂಜೆ ಪಡುವಣ ಆಕಾಶ ಊರೇ ನಿಂತು ನೋಡುವಂಥ ಬಣ್ಣ ತಳೆದಿತ್ತಂತೆ. ನನಗೆ ಗೊತ್ತಿಲ್ಲ, ಇನ್ನೂ ಅರ್ಧ ಸಾಲು ಉಳಿದಿತ್ತು.