ಗುರುನಾಥರ ಕೋಣೆಗೆ ಬಂದ ಬಾಗಿಲು

ಗುರುನಾಥರು ಯಾರ ಎದುರಿಗೂ ಕೂರುತ್ತಿರಲಿಲ್ಲ. ಎಚ್‌ಐವಿ ಪರೀಕ್ಷೆಗೆ ಬಂದವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಇಬ್ಬರೂ ಒಂದೇ ಬಸ್ಸಿಗೆ ಕಾಯುವವರ ಹಾಗೆ ಗೋಡೆ ನೋಡುತ್ತ ಕೂರುತ್ತಿದ್ದರು. "ಮಾರಿ ನೋಡ್ಕೋತ ಖರೇ ಹೇಳೂದು ಭಾಳ ಕಷ್ಟರಿ" ಎನ್ನುತ್ತಿದ್ದರು. ಬೀದರದವರು, ಹೈದರಾಬಾದಿನ ಪರೀಕ್ಷಾ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕರು.

ಅವರ ಬಳಿಗೆ ಹೋಗುವ ಮೊದಲು ನಾನು ಪರೀಕ್ಷೆಗೆಂದು ಬೇರೊಂದು ಕಡೆ ಹೋಗಿದ್ದೆ. ಅಲ್ಲಿಯ ಮಹಾಶಯ ಹೆಂಡತಿಯ ಹೆಸರು ಕೇಳಿದ. ಇಲ್ಲ ಎಂದರೆ, ಮದುವೆಯಾಗು, ಎಲ್ಲ ಸರಿಹೋಗುತ್ತದೆ ಎಂದು ಬುದ್ಧಿ ಹೇಳಿದ. ರಕ್ತ ಕೊಡದೆ ಎದ್ದುಬಂದವನು ಎರಡು ವರ್ಷ ಪರೀಕ್ಷೆಯ ಸುದ್ದಿಗೇ ಹೋಗಲಿಲ್ಲ. ಗುರುನಾಥರಾದರೋ ಚಹಾನೋ ಕಾಫಿನೋ ಎಂದು ವಿಚಾರಿಸುವ ದನಿಯಲ್ಲಿ, "ಯಾರ ಜೋಡಿ ಇರ್ತೀರಿ? ಗಂಡಸರಾ, ಹೆಂಗಸರಾ, ಇಬ್ಬರೂನಾ?" ಎಂದರು. ಅದೇ ಊರಿನ ನಾರಾಯಣಗೂಡದಲ್ಲಿ ಗಣಿತ ಕಲಿಸುವ, ಮಕ್ಕಳನ್ನು ಗದರಿಸುವ ಮೇಷ್ಟ್ರು ನಾನು ಅತ್ತುಬಿಟ್ಟೆ.

ಆ ಧೈರ್ಯದ ಮೇಲೆಯೇ ಮಲ್ಲಪ್ಪನನ್ನು ಕರೆದುಕೊಂಡು ಹೋದೆ. ಯಾದಗಿರಿ ಕಡೆಯ, ಗೋಡೆ ಕಟ್ಟುವ ಗೌಂಡಿ. ಊರಲ್ಲಿ ಹೆಂಡತಿ ಇದ್ದಳು, ಇಲ್ಲಿ ನಾನಿದ್ದೆ. "ನಮ್ಮ ಮಂದಿಗೆ ತಿಳೀಬಾರದು, ಅಷ್ಟ" ಎಂದಿದ್ದ.

ಗುರುನಾಥರ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ ಇತ್ತು. ನಮ್ಮ ಕಡೆಯವರು ಬಂದರೆ ಅವರು ಕನ್ನಡಕ್ಕೆ ತಿರುಗುತ್ತಿದ್ದರು. "ಹೊರಗ ಕುಂತವರೆಲ್ಲ ತೆಲುಗಿನವರು, ಉರ್ದುದವರು. ಕನ್ನಡನ ನಮ್ಮ ಕದ" ಎಂದು ನಗುತ್ತಿದ್ದರು. ಆ ದಿನವೂ ಧೈರ್ಯ ತುಂಬಲೆಂದು ಗಟ್ಟಿಯಾಗಿಯೇ ಹೇಳಿದರು: "ಎಚ್‌ಐವಿ ಐತಿ ಮಲ್ಲಪ್ಪ. ಅಂಜಬ್ಯಾಡ್ರಿ. ದಿನಾ ಗುಳಿಗಿ ತಗೊಂಡ್ರ ಮುದುಕ ಆಗೂತನಕ ಇರ್ತೀರಿ. ಜೋಡಿಗೆ ಇವರು ಅದಾರಲ್ಲ."

ಪರದೆಯಾಚೆ, ಬಸುರಿ ಹೆಂಡತಿಯ ರಕ್ತಪರೀಕ್ಷೆಗೆ ಬಂದವನೊಬ್ಬ ಬೆಂಚಿನ ಮೇಲೆ ಕೂತಿದ್ದ. ಮಲ್ಲಪ್ಪನ ಊರಿನವನೇ, ಕೂಲಿಯವರು ಒಟ್ಟಿಗಿರುವ ಒಂದೇ ಶೆಡ್ಡಿನವನು. ನಾವು ಹೊರಬಂದಾಗ ತಲೆ ತಗ್ಗಿಸಿದ. ಸಂಜೆಯೊಳಗೆ ಮಲ್ಲಪ್ಪನ ಗಂಟುಮೂಟೆ ಶೆಡ್ಡಿನ ಹೊರಗಿತ್ತು. ನನಗೂ ಹೇಳದೆ ಹೋದ. ಗುಳಿಗೆಗೂ ಬರಲಿಲ್ಲ. ಅಂದಿನಿಂದ ಅವನ ಫೋನು ಬಂದ್.

ಗುರುನಾಥರನ್ನು ಬೈಯಲೆಂದೇ ಹೋದೆ. "ನನ್ನ ನಾಲಿಗಿ ಬಿದ್ದು ಹೋಗ್ಲಿ" ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂತರು. ಬೈಯಲಾಗಲಿಲ್ಲ. ಭಾನುವಾರಗಳಲ್ಲಿ ಕೂಲಿಯವರು ನಿಲ್ಲುವ ಅಡ್ಡಾಗಳಿಗೆಲ್ಲ ಹೋಗಿ ಅವನನ್ನು ಹುಡುಕಿದರು. ಯಾರಾದರೂ ಯಾಕೆಂದು ಕೇಳಿದರೆ, "ಸೋದರಮಾವ ಅದೀನಿ" ಎನ್ನುತ್ತಿದ್ದರು. ಉಳಿದ ದಿನ ಒಂದು ಬಾಗಿಲಿಗಾಗಿ ಅರ್ಜಿ ಮೇಲೆ ಅರ್ಜಿ. ಅದು ಬರುವವರೆಗೆ ಪ್ರತಿಯೊಬ್ಬರನ್ನೂ ಹಿತ್ತಲಿಗೆ ಕರೆದೊಯ್ದು, ಕಿವಿಯ ಹತ್ತಿರವೇ ಫಲಿತಾಂಶ ಹೇಳುತ್ತಿದ್ದರು.

ಬಾಗಿಲು ಬಂದದ್ದು ಅವರ ಕೆಲಸ ಮುಗಿಯುವ ವಾರದಲ್ಲಿ. ನನ್ನನ್ನು ಕರೆಸಿದರು. "ಒಳಗ ಕುಂತು ಏನರ ಜೋರಲೆ ಮಾತಾಡ್ರಿ ಸರ. ನಾ ಹೊರಗ ಬೆಂಚಿನ ಮ್ಯಾಲ ಕುಂತು ಕೇಳ್ತೀನಿ" ಎಂದು ಬಾಗಿಲು ಎಳೆದುಕೊಂಡರು.

ಏನು ಮಾತಾಡಲಿ? ಮಲ್ಲಪ್ಪನ ಹೆಸರು ಹಿಡಿದು ಕೂಗಿದೆ. ಎಲ್ಲಿದ್ದರೂ ಗುಳಿಗಿ ತಗೋ ಎಂದೆ. ನಿನ್ನ ಬಿಟ್ಟು ಇರಾಕ ಆಗವಲ್ದು ಎಂದೆ. ಯಾರೆದುರೂ ಆಡದ ಮಾತನ್ನೆಲ್ಲ ಗಂಟಲು ಹರಿಯುವಂತೆ ಕೂಗಿದೆ.

ಗುರುನಾಥರು ಬಾಗಿಲು ತೆರೆದರು. "ಒಂದಕ್ಷರಾನೂ ಕೇಳಸಲಿಲ್ಲರಿ" ಎಂದವರು ನನ್ನ ಮುಖ ನೋಡಿ ಒಳಗೆ ಬಂದರು. ಮರುದಿನ ಬೀದರಿಗೆ ಹೊರಡುವವರಿದ್ದರು, ಮತ್ತೆ ನಾವು ಸಿಗಲಿಲ್ಲ. ಅವತ್ತು ಕುರ್ಚಿಯನ್ನು ಪಕ್ಕಕ್ಕೆ ಎಳೆಯಲಿಲ್ಲ. ಬಾಗಿಲು ಮುಚ್ಚಿ ನನ್ನ ಎದುರಿಗೇ ಕೂತು ಅತ್ತರು.